ಲವಂಗದ ವಾಸನೆಯ ಕೊಬ್ಬರಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದಕ್ಕೆ ಹಾಕುತ್ತ ಬಂದೆ. ಮೊದಲು ಅಪ್ಪ ಇದ್ದಾರೆ ಎಂಬ ನೆಪವಿತ್ತು. ಅಪ್ಪ ಹೋದಮೇಲೆ, ಇನ್ನು ಯಾರಿಗೆ ಹೇಳುವುದು ಎಂಬ ನೆಪ ಸಿಕ್ಕಿತು. ಮೊನ್ನೆ ತಿಪಟೂರಿನಲ್ಲಿ ಹಲ್ಲಿನ ಡಾಕ್ಟರಮ್ಮ ನನ್ನ ದವಡೆಹಲ್ಲಿನ ತೂತಿಗೆ ಹತ್ತಿಯನ್ನು ಏನರಲ್ಲೋ ಅದ್ದಿ ಇಟ್ಟರು. ನೋವು ನಿಂತಿತು.

"ಯುಜೆನಾಲ್ ಅಂತ ತಾತ. ಲವಂಗದಲ್ಲಿರೋದು. ಸೆಂಟಿಗೂ ಹಾಕ್ತಾರೆ" ಎಂದರು.

ಸೆಂಟಿನ ವಿಷಯ ನನಗೆ ಗೊತ್ತಿತ್ತು.

ಮದುವೆಯಾದ ಹೊಸತರಲ್ಲಿ ಸಂತೆಯಲ್ಲಿ ಒಂದು ಸೆಂಟಿನ ಸೀಸೆ ಕೊಂಡಿದ್ದೆ. ಲವಂಗದ ಘಾಟು. ಹೆಂಡತಿ ಸೀನಿದಳು, ಮೆಚ್ಚುಗೆ ಎಂದುಕೊಂಡೆ. ಅಪ್ಪನ ಪ್ರಕಾರ ಸೆಂಟು ಹಾಕುವವರು ನಾಟಕದವರು ಮಾತ್ರ. ಹಾಗಾಗಿ ಸೀಸೆಯನ್ನು ಕೊಬ್ಬರಿ ಚೀಲದೊಳಗೆ ಬಚ್ಚಿಟ್ಟೆ. ನಮ್ಮ ಕಡೆಯವನು ಮಾಡಬಾರದ ಹೆಡ್ಡತನ ಅದು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕೊಬ್ಬರಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಅಪ್ಪ ಕೊಬ್ಬರಿ ಮಾರಲು ಮಂಡಿಗೆ ಹೊರಡುವ ಬೆಳಿಗ್ಗೆ ತೆಗೆದರೆ ಬಿರಡೆ ಸಡಿಲ, ಸೀಸೆ ಖಾಲಿ. ಕೈಯನ್ನು ಅಂಗಿಗೆ ಒರೆಸಿಕೊಂಡೆ.

ಮಂಡಿಯ ಸಾಹುಕಾರರು ಒಂದು ಉಂಡೆ ಎತ್ತಿ ಮೂಸಿದರು. "ಏನ್ ಗೌಡ್ರೇ, ಕೊಬ್ರಿ ನೋಡೋಕೆ ಗಂಡಿನ ಕಡೆಯೋರು ಬತ್ತಾವ್ರಾ?"

ಮಂಡಿಯೆಲ್ಲ ನಕ್ಕಿತು. ಅಪ್ಪ ಚೀಲ ವಾಪಸು ತಂದರು.

ನಮ್ಮಲ್ಲಿ ಕಾಯಿ ಒಡೆದು ಕೊಬ್ಬರಿ ತೆಗೆಯಲು ಶೆಟ್ಟಿಕೆರೆಯಿಂದ ಒಬ್ಬಾಕೆ ಬರುತ್ತಿದ್ದಳು. ಹಲ್ಲುನೋವೆಂದು ಸದಾ ದವಡೆಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದಳು. ಅಪ್ಪ ಕಾರಣ ಹುಡುಕುತ್ತಿದ್ದರು. ನಾನು ಒದಗಿಸಿದೆ. "ಅವ್ಳ ಬಾಯಲ್ಲಿ ಯಾವಾಗ್ಲೂ ಲವಂಗ ಇರ್ತದಲ್ಲಪ್ಪ."

"ಒಂದು ಚೀಲ ನಾರೋಕೆ ನಾನೇನು ಲವಂಗದ ಮರ ನುಂಗಿದ್ನಾ ಗೌಡ್ರೇ?" ಎಂದಳು ಆಕೆ.

"ನಾಳೆಯಿಂದ ಬರ್ಬ್ಯಾಡ" ಎಂದರು ಅಪ್ಪ.

ಮಚ್ಚು ಕೆಳಗಿಟ್ಟು ಹೊರಟವಳು ನನ್ನ ಪಕ್ಕಕ್ಕೆ ಬಂದಾಗ ನಿಂತು ಮೂಸಿದಳು. "ಸಣ್ಣಗೌಡ್ರೇ, ಆ ಅಂಗಿ ಒಗೆಯಕ್ಕೆ ಹಾಕ್ಬುಡಿ. ಅಪ್ಪಾರು ಹತ್ರ ಬಂದಾರು" ಎಂದಳು ಮೆಲ್ಲಗೆ.

ಒಗೆಯಲು ಹಾಕಿದೆ. ಆಕೆಯ ಅಷ್ಟು ಮಾತು ಕೇಳಿದೆ.

ಆಮೇಲೆ ಯಾವ ಮನೆಯವರೂ ಆಕೆಯನ್ನು ಕೊಬ್ಬರಿ ಕೆಲಸಕ್ಕೆ ಕರೆಯಲಿಲ್ಲ. ನಮ್ಮ ಮನೆಯವರ ಬಾಯಲ್ಲಿ ಆಕೆ 'ಲವಂಗದೋಳು' ಆದಳು. ಒಮ್ಮೆ ಶೆಟ್ಟಿಕೆರೆ ಬಸ್‌ಸ್ಟಾಪಿನಲ್ಲಿ ಸಿಕ್ಕಳು, ಕೆನ್ನೆಗೆ ಕೈ ಒತ್ತಿಕೊಂಡು.

"ಲವಂಗ ಬುಟ್ಬುಟ್ಟೆ ಕಣಪ್ಪ. ಈಗ್ಲಾದ್ರೂ ಕರೀತಾರಾ ಅಂತ" ಎಂದಳು.

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. "ಬಸ್ ಬಂತು" ಎಂದೆ. ನಿಜಕ್ಕೂ ಬಂದಿತ್ತು, ಹತ್ತಿದೆ. ಕೆಲವು ವರ್ಷಗಳಲ್ಲಿ ಆಕೆ ತೀರಿಕೊಂಡಳು.

ಮೊನ್ನೆ ಡಾಕ್ಟರಮ್ಮನ ಹತ್ತಿರದಿಂದ ಊರಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದವನು ಮೂಗು ಅರಳಿಸಿದ. "ಏನಜ್ಜ, ಲವಂಗದ ವಾಸ್ನೆ?"

"ಹಲ್ಲುನೋವು ಕಣಪ್ಪ" ಎಂದೆ.

ಪಾಪ ಎಂದ. ಕೇಳಿದ ತಕ್ಷಣ ನಂಬಿದ.

ಆಕೆಯ ಹೆಸರು ಲವಂಗದೋಳು ಅಲ್ಲ. ಸಾಕಮ್ಮ.