ನೀಲವ್ವನ ತೂತಿನ ಪೈಸೆ

ಮೊನ್ನೆ ನನ್ನ ಸೊಸೆ ಸುಮಾ ಬಟ್ಟಲ ತುಂಬ ಟೊಮ್ಯಾಟೊ ಸಾಸು ಸುರಿದುಕೊಂಡು ಕೂತಿದ್ದಳು. ತಿನ್ನಲಿಕ್ಕಲ್ಲ. ತವರುಮನೆಯಿಂದ ತಂದ ಹಳೆಯ ದುಡ್ಡಿಗೆ ಕಿಲುಬು ಹಿಡಿದಿದೆಯಂತೆ, ಸಾಸಿನಲ್ಲಿ ನೆನೆಸಿಟ್ಟರೆ ಫಳಫಳ ಆಗುತ್ತದೆಂದು ಫೋನಿನಲ್ಲಿ ಯಾರೋ ತೋರಿಸಿದ್ದಾರಂತೆ. "ಮನ್ಯಾಗ ಹುಣಸಿಹಣ್ಣ ಇಲ್ಲೇನವಾ?" ಎಂದು ಕೇಳಿ ನಾನೇ ಒಂದು ಉಂಡೆ ಹುಣಸೆಯನ್ನು ಬಿಸಿನೀರಿಗೆ ಹಾಕಿದೆ. ಆ ಹುಳಿ ವಾಸನೆಯೂ ತಾಮ್ರದ ಕಮಟೂ ಒಟ್ಟಿಗೆ ಮೂಗಿಗೆ ಬಡಿದವು ನೋಡಿ, ಇಚಲಕರಂಜಿಯ ಈ ಮೇಲಿನ ಮಾಳಿಗೆಯಿಂದ ನಾನು ನೇರ ಕುರುಂದವಾಡದ ನಮ್ಮ ಹಿತ್ತಿಲಿಗೆ ಇಳಿದುಬಿಟ್ಟೆ.

ಆಗ ನಾನು ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಹೊಸ ಪೈಸೆ ಬಂದು ಐದಾರು ವರ್ಷವಾಗಿದ್ದರೂ ಸಂತೆಯಲ್ಲಿ ಹೆಂಗಸರು ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ನಮ್ಮವರು ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡಿಕೊಂಡು ಅಲ್ಲೇ ಇರುತ್ತಿದ್ದರು. ರಜೆಯ ದಿನ ಸೈಕಲ್ ತುಳಿಯುತ್ತ ಬರುವರು, ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು. ಮನೆಯಲ್ಲಿ ಅತ್ತೆ, ಮಾವ, ಮಾವನ ತಮ್ಮ, ಅವರ ಹೆಂಡತಿ ನೀಲವ್ವ. ನೀಲವ್ವನನ್ನು ನಾನು ಸಣ್ಣತ್ತಿ ಎನ್ನುತ್ತಿದ್ದೆ.

ಸಣ್ಣತ್ತಿ ಮಾತು ಕಡಿಮೆ. ರೊಟ್ಟಿ ಬಡಿಯುವಾಗ ಆಕೆಯ ಕೈ ಮಾಡುವಷ್ಟು ಸದ್ದನ್ನು ಬಾಯಿ ಎಂದೂ ಮಾಡಿದ್ದಿಲ್ಲ. ಒಂದೇ ಒಂದು ವಿಚಿತ್ರ: ಮನೆಯಲ್ಲಿ ತೊಟ್ಟಿಲು, ಬಸುರಿಯ ಕುಬಸ ಏನಾದರೂ ಬಂತೆಂದರೆ ಅಕಿವಾಟದಲ್ಲಿದ್ದ ಅವಳ ಅಕ್ಕನಿಗೆ ತಪ್ಪದೆ ಜಡ್ಡು ಬರುತ್ತಿತ್ತು. "ಅಕ್ಕಗ ಆರಾಮಿಲ್ಲಂತ, ಹೋಗಿ ಬರ್ತೇನಿ" ಎಂದು ಗಂಟು ಕಟ್ಟುವಳು. ಅತ್ತೆಯೂ ತಡೆಯುತ್ತಿರಲಿಲ್ಲ. ಮಕ್ಕಳಾಗದ ಹೆಂಗಸು, ಅದಕ್ಕೇ ಹೋಗುತ್ತಾಳೆ ಎಂದು ನನ್ನಷ್ಟಕ್ಕೆ ನಾನು ತಿಳಿದುಕೊಂಡಿದ್ದೆ. ಯಾರೂ ಹಾಗೆಂದು ಹೇಳಿರಲಿಲ್ಲ. ಹೊಸ ಸೊಸೆ ಬಾಯಿಬಿಟ್ಟು ಕೇಳುವ ಮಾತೂ ಅದಲ್ಲ.

ನಾನು ಮೊದಲ ಬಸಿರಿನಲ್ಲಿದ್ದ ಆ ಮಳೆಗಾಲ ಹೊಳೆ ಉಕ್ಕಿ ಹಿತ್ತಿಲವರೆಗೆ ಬಂದು ಹೋಯಿತು. ನಮ್ಮ ಊರಿನವರಿಗೆ ಹೊಳೆ ಬರುವುದು ಬೀಗರು ಬಂದ ಹಾಗೆ. ಬಂದಾಗ ಜಾಗ ಬಿಟ್ಟುಕೊಡಬೇಕು, ಹೋದ ಮೇಲೆ ಕಸ ಬಳಿಯಬೇಕು. ಈ ಸಲ ಬೀಗರು ಬಾವಿಯನ್ನೇ ರಾಡಿ ಮಾಡಿ ಹೋಗಿದ್ದರು. ನನ್ನ ಕುಬಸಕ್ಕೆ ಮುಂಚೆ ಬಾವಿ ಸ್ವಚ್ಛವಾಗಬೇಕೆಂದು ಮಾವ ಆಳುಗಳನ್ನು ಕರೆಸಿದರು. ರಾಡಿಯ ಬುಟ್ಟಿಗಳು ಒಂದರ ಹಿಂದೆ ಒಂದು ಮೇಲೆ ಬಂದವು. ಅದರಲ್ಲಿ ನಮ್ಮ ಮನೆಯ ಎಷ್ಟೋ ಜಗಳಗಳಿಗೆ ಕಾರಣವಾದ ತಂಬಿಗೆ, ಒಂದು ಕೀಲಿಕೈ, ಮುರಿದ ರಾಟೆ ಎಲ್ಲ ಇದ್ದವು. ಕೊನೆಗೆ ಆಳೊಬ್ಬ ಕೆಳಗಿನಿಂದ ಮರಾಠಿಯಲ್ಲಿ ಕೂಗಿದ: "ವಹಿನಿ, ಹೇ ಬಘಾ, ಪೈಸೇ!" ಅತ್ತಿಗೆ, ಇಲ್ಲಿ ನೋಡ್ರಿ, ದುಡ್ಡು ಎಂದು.

ಮೇಲೆ ಬಂದದ್ದು ಹಸಿರೂ ಕಪ್ಪೂ ಬೆರೆತ ಒಂದು ಮುದ್ದೆ. ಬಾಣಂತಿಯರು ಬಾವಿಪೂಜೆಯ ದಿನ ಗಂಗವ್ವನಿಗೆಂದು ಹಾಕಿದ ದುಡ್ಡುಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ದೇವರ ದುಡ್ಡು, ತೊಳೆದು ಮತ್ತೆ ಬಾವಿಗೇ ಹಾಕಬೇಕು ಎಂದರು ಅತ್ತೆ. ತೊಳೆಯುವ ಕೆಲಸ ನನಗೂ ಸಣ್ಣತ್ತಿಗೂ ಬಂತು.

ಮುದ್ದೆಯನ್ನು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದೆವು. ಮರುದಿನ ಬೆಳಿಗ್ಗೆ ಬೆರಳಿಂದ ಒತ್ತಿದರೆ ದುಡ್ಡುಗಳು ಬಿಲ್ಲೆಬಿಲ್ಲೆಯಾಗಿ ಬಿಟ್ಟುಕೊಂಡವು. ಒಲೆಯ ಬೂದಿ ಹಚ್ಚಿದೆವು. ಬೂದಿ ನಮ್ಮ ಕೈಯನ್ನಷ್ಟೇ ಬೆಳ್ಳಗೆ ಮಾಡಿತು. ಹುಳಿ ಮಜ್ಜಿಗೆಯಲ್ಲಿಟ್ಟೆವು, ಸ್ವಲ್ಪ ಹಸಿರು ಇಳಿಯಿತು. ನಾನು ಏಳನೆಯ ಇಯತ್ತೆ ಪಾಸಾದವಳಲ್ಲವೇ, ನಿಂಬೆಹುಳಿಗೆ ಉಪ್ಪು ಬೆರೆಸಿ, ಇಟ್ಟಂಗಿ ಪುಡಿ ಸೇರಿಸಿ ಒಂದು ದುಡ್ಡನ್ನು ತಿಕ್ಕಿದ್ದೇ ತಿಕ್ಕಿದ್ದು. ದುಡ್ಡು ಕೆಂಪಗೆ ಹೊಳೆಯಿತು, ಆದರೆ ರಾಜನ ಮೂಗು ಹೊರಟುಹೋಗಿತ್ತು. ಆ ಬೋಳು ಮುಖ ನೋಡಿ ಸಣ್ಣತ್ತಿ ನಕ್ಕಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗ ಅವಸರ ಮಾಡಬಾರದವಾ. ಹುಣಸಿನೀರಾಗ ಇಡು, ತಗಿ, ಅರಿವಿಲೆ ಒರಸು, ಮತ್ತ ಇಡು. ತಾನ ಬಿಡತೈತಿ."

ಹಾಗೆಯೇ ಮಾಡುತ್ತ ಕೂತೆವು. ಲಡಾಯಿಯ ಕಾಲದಲ್ಲಿ ನಡುವೆ ದೊಡ್ಡ ತೂತಿದ್ದ ಪೈಸೆ ಬರುತ್ತಿತ್ತಲ್ಲ, ಅಂಥದೊಂದು ನನ್ನ ಕೈಗೆ ಸಿಕ್ಕಿತು. ತೂತಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಬೇವಿನ ಕಡ್ಡಿಯಿಂದ ಮೀಟಲು ಹೋದೆ.

"ತಡಿ!" ಎಂದಳು ಸಣ್ಣತ್ತಿ. ದನಿ ಎಷ್ಟು ಚೂಪಾಗಿತ್ತೆಂದರೆ ನನ್ನ ಕೈಯಿಂದ ಕಡ್ಡಿ ಬಿತ್ತು.

ಪೈಸೆಯನ್ನು ತಾನು ತೆಗೆದುಕೊಂಡು ಹುಣಸೆನೀರಿಗೆ ಹಾಕಿದಳು. ತೆಗೆದಳು, ಒರೆಸಿದಳು, ಮತ್ತೆ ಹಾಕಿದಳು. ಬಿಸಿಲು ಕಟ್ಟೆಯಿಂದ ಗೋಡೆಗೆ ಸರಿಯುವವರೆಗೂ ಅದೇ. ನಾನು ಬೇರೆ ದುಡ್ಡುಗಳನ್ನು ಒರೆಸುತ್ತಿದ್ದೆನಾದರೂ ಕಣ್ಣು ಆಕೆಯ ಕೈಮೇಲೇ ಇತ್ತು. ಕೊನೆಗೆ ಹಸಿರೆಲ್ಲ ಕಳಚಿ, ತೂತಿನ ಸುತ್ತ ಬಿಗಿಯಾಗಿ ಸುತ್ತಿದ ತಾಮ್ರದ ಸಣ್ಣ ತಂತಿ ಕಾಣಿಸಿತು.

"ತಂತಿ ನಿಮ್ಮ ಸಣ್ಣ ಮಾವ ಸುತ್ತಿದ್ದು," ಎಂದಳು. "ಉಡದಾರ ಹರೀಬಾರದಂತ. ನಮ್ಮ ಗಿರಿಜಾನ ನಡಕ್ಕ ಕಟ್ಟಿದ್ದೆ."

ಗಿರಿಜಾ ಯಾರೆಂದು ಕೇಳಬೇಕಾಗಲಿಲ್ಲ. ಸಣ್ಣತ್ತಿ ಪೈಸೆಯನ್ನು ಒರೆಸುತ್ತಲೇ ಹೇಳಿದಳು. ಗಿರಿಜಾ ಅವಳ ಮಗಳು. ಆಗಷ್ಟೇ ನಡೆಯಲು ಕಲಿತಿದ್ದಳು. ಓಡಿದರೆ ಉಡದಾರದ ಪೈಸೆಯೂ ಗೆಜ್ಜೆಯೂ ತಾಕಿ ಸದ್ದಾಗುತ್ತಿತ್ತು. ಒಂದು ಜ್ವರ ಬಂತು, ಇಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಉಡದಾರವನ್ನು ಕೈಯಲ್ಲಿ ಹಿಡಿದು ಬಾವಿಕಟ್ಟೆಗೆ ಹೋದವಳು, ತಾನೂ ಹಾರಬೇಕೆಂದಿದ್ದಳಂತೆ. "ಪೈಸಾ ಒಗದೆ. ಡುಬ್ ಅಂದ ಸಪ್ಪಳಕ್ಕ ಅಂಜಿಕಿ ಬಂತವಾ. ಹೊಳ್ಳಿ ಬಂದೆ."

ನನ್ನ ಕೈ ಹೊಟ್ಟೆಯ ಮೇಲೆ ಹೋಯಿತು. ಅಷ್ಟರಲ್ಲಿ ಹಿಂದೆ ನೆರಳು ಬಿದ್ದಂತಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

"ಗಿರಿಜಾಂದಲ್ಲೇನ ಅದು?" ಎಂದರು.

ಸಣ್ಣತ್ತಿ ಹೌದೆಂದು ತಲೆಯಾಡಿಸಿದಳು. ಅತ್ತೆ ಬಂದು ನೆಲದ ಮೇಲೇ ಕೂತರು. ಅವರು ಗಟ್ಟಿ ಹೆಂಗಸು, ಆಳುಗಳು ಅವರ ಕೆಮ್ಮಿಗೇ ಹೆದರುತ್ತಿದ್ದರು. ಅಂಥವರು ಪೈಸೆಯನ್ನು ಮುಟ್ಟಲು ಕೈ ಚಾಚಿ ಹಿಂದೆ ತೆಗೆದುಕೊಂಡರು.

"ನಿನಗ ಹಾಲ ಬತ್ತಿತ್ತು ನೀಲಾ. ನಾನ ಕುಡಿಸತಿದ್ದೆ ಅಕಿಗೆ. ಒಂದ ಕಡೆ ಇಂವ, ಒಂದ ಕಡೆ ಅಕಿ." ಇಂವ ಎಂದರೆ ನಮ್ಮವರು. "ನನ್ನ ಮಗ ಉಳದ. ಅಕಿ ಹ್ವಾದ್ಲು. ಆವತ್ತಿನಿಂದ ನಿನ್ನ ಮಾರಿ ನೋಡಾಕ ಆಗತಿದ್ದಿಲ್ಲ ನನಗ. ನೀ ಅಕಿವಾಟಕ್ಕ ಹೊಂಟ್ರ ಒಳಗ ಹಗರ ಆಗತಿತ್ತು. ಸುಳ್ಳ ಯಾಕ ಹೇಳ್ಲಿ."

"ನಾ ಬ್ಯಾಡಾಗೀನಂತ ತಿಳಕೊಂಡಿದ್ದೆ ಅಕ್ಕಾ," ಎಂದಳು ಸಣ್ಣತ್ತಿ. "ಅಪಶಕುನ ಅಂತೀರಿ ಅಂದ್ಕೊಂಡ, ನೀವು ಅನ್ನೂಕಿಂತ ಮೊದಲ ಗಂಟ ಕಟ್ಟತಿದ್ದೆ."

ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಎರಡು ಬದಿಗೆ ಕೂತು ಇಷ್ಟು ವರ್ಷ ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದುಕೊಂಡಿದ್ದರು. ಈಗ ಇಬ್ಬರೂ ಅತ್ತರು. ನನಗೂ ಅಳು ಬಂತು, ಬಸುರಿಗೆ ಅಳಲು ನೆಪ ಬೇಕೇ? ಆಮೇಲೆ ನಾನೇ ಬಾಯಿಬಿಟ್ಟೆ: "ಸಣ್ಣತ್ತಿ, ನನ್ನ ಕುಬಸಕ್ಕ ನೀವ ಇರಬೇಕ್ರಿ. ಮೊದಲ ಉಡಿ ನೀವ ತುಂಬ್ರಿ."

ಸಣ್ಣತ್ತಿ ಅತ್ತೆಯ ಮುಖ ನೋಡಿದಳು.

"ನನ್ನೇನ ನೋಡ್ತಿ?" ಎಂದು ಅತ್ತೆ ಗದರಿದರು, ಸೆರಗಿನಿಂದ ಮೂಗು ಒರೆಸುತ್ತ. "ಹುಡುಗಿ ಕೇಳಾಕತ್ತಾಳ. ಅಕಿಗೆ ಹೇಳು."

ಬಾವಿಗೆ ದುಡ್ಡು ಮರಳಿ ಹಾಕುವಾಗ ಆ ಪೈಸೆಯನ್ನೂ ಹಾಕಬೇಕೋ ಎಂದು ಅತ್ತೆ ಕೇಳಿದರು. "ಭಾಳ ದಿನ ನೀರಾಗ ಇತ್ತು. ಸಾಕು" ಎಂದು ಸಣ್ಣತ್ತಿ ಅದನ್ನು ಎಲೆ-ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು. ಕುಬಸದ ದಿನ ನನಗೆ ಹಸಿರು ಬಳೆ ತೊಡಿಸಿದ ಮೇಲೆ ಮೊದಲು ಉಡಿ ತುಂಬಿದವಳು ಅವಳೇ. ಒಬ್ಬ ಮುದುಕಿ ಹುಬ್ಬು ಏರಿಸಿದಳು. ಅತ್ತೆ ಒಮ್ಮೆ ಕೆಮ್ಮಿದರು, ಹುಬ್ಬು ಇಳಿಯಿತು. ನನ್ನ ಮಗಳು ಆರೋಗ್ಯವಾಗಿ ಹುಟ್ಟಿದಳು. ಅವಳಿಗೆ ಎಣ್ಣೆ ಹಚ್ಚಿ ಎರೆದದ್ದು ಸಣ್ಣತ್ತಿ. ಎರೆಯುತ್ತ ಗಿರಿಜಾನ ಕತೆ ಹೇಳುತ್ತಿದ್ದಳು, ಅಳದೆ, ಊರಿಗೆ ಹೋದ ಮಗುವಿನ ಕತೆ ಹೇಳಿದ ಹಾಗೆ. ಅಕಿವಾಟದ ಅಕ್ಕನಿಗೆ ಆಮೇಲೆ ಜಡ್ಡೇ ಬರಲಿಲ್ಲ.

ಇದನ್ನೆಲ್ಲ ನಾನು ಸುಮಾಳಿಗೆ ಎಂದೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಕೇಳಿ ಅವಳು ಕೈಯಲ್ಲಿದ್ದ ದುಡ್ಡನ್ನು ಒರೆಸುತ್ತ ಎದುರುಮನೆಯ ಬಾಗಿಲ ಕಡೆ ನೋಡಿದಳು. ನಮ್ಮ ಎದುರುಮನೆಯ ಹುಡುಗಿಯ ಕೂಸು ಹೋದ ದೀಪಾವಳಿಯ ಸುಮಾರಿಗೆ ತೀರಿಕೊಂಡಿತು. ಅಂದಿನಿಂದ ನಾವು ಆ ಬಾಗಿಲ ಮುಂದೆ ಮೆಲ್ಲಗೆ ಹೆಜ್ಜೆ ಹಾಕುತ್ತೇವೆ. ಕೂಸಿನ ಹೆಸರು ಎತ್ತುವುದಿಲ್ಲ, ಅವಳಿಗೆ ನೋವಾಗುತ್ತದೆಂದು. ಅತ್ತೆಯ ಹಾಗೆಯೇ ನಾನೂ ಮಾಡುತ್ತಿದ್ದೆನಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಸಂಜೆ ಹೋಗಿ ಬಾಗಿಲು ತಟ್ಟಿದೆ. ಹುಡುಗಿ ತೆರೆದಳು. "ಚಹಾ ಕುಡ್ಯಾಕ ಬಂದೇನಿ," ಎಂದೆ. ಒಳಗೆ ಕೂತ ಮೇಲೆ ಕೇಳಿದೆ: "ನಿನ್ನ ಕೂಸು ಯಾರ್ಹಂಗ ಇತ್ತವಾ? ನಿನ್ಹಂಗೋ, ಅವರಪ್ಪನ್ಹಂಗೋ?"

ಹುಡುಗಿ ನನ್ನನ್ನೇ ನೋಡಿದಳು. ಆಮೇಲೆ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿ ನನ್ನ ಪಕ್ಕದಲ್ಲಿ ಬಂದು ಕೂತಳು.

"ಮೂಗ ನಂದರಿ ಅಜ್ಜಿ," ಎಂದಳು. "ಕಿವಿ ಮಾತ್ರ ಅವರಪ್ಪಂದು."