ಮೌಶಿಯ ದ್ರಾಕ್ಷಿ ಬಳ್ಳಿ

ಅನಗೋಳದಲ್ಲಿ ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸನ್ನು ನಾವು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರು ಪ್ರತಿ ದಸರೆ ಮುಗಿದ ಮೇಲೆ ಅಂಗಳದ ದ್ರಾಕ್ಷಿ ಬಳ್ಳಿಯನ್ನು ಬೋಳಾಗುವಷ್ಟು ಕತ್ತರಿಸುತ್ತಿದ್ದರು. ನಾನು ಏಣಿ ಹಿಡಿದು, "ಸಾಕ್ರಿ ಮೌಶಿ, ಪಾಪ" ಎನ್ನುತ್ತಿದ್ದೆ.

"ಮಾಯಾ ಮಾಡಿದ್ರ, ಮುದ್ದಿಂದ ಬಿಟ್ರ, ಬರೇ ಎಲಿ ಬರ್ತಾವು ತಮ್ಮಾ, ಕತ್ತರಿ ಹಾಕಿದ್ರ ಹಣ್ಣು ಬರ್ತಾವು. ಏಣಿ ಗಟ್ಟಿ ಹಿಡಿ, ಬಳ್ಳಿಗಿಂತ ನೀನ ಜಾಸ್ತಿ ನಡಗಾಕತ್ತಿ!"

ಬೇಸಿಗೆಯ ಹಣ್ಣು ಬರಣಿ ಸೇರಿ ಕ್ರಿಸ್‌ಮಸ್‌ಗೆ ವೈನ್ ಆಗುತ್ತಿತ್ತು. ಲಿಂಗಾಯತರಾದ ನಮ್ಮ ಮನೆಗೂ ತಟ್ಟೆ ಮುಚ್ಚಿದ ಒಂದು ಲೋಟ ಬರುತ್ತಿತ್ತು. ಕೆಮ್ಮಿಗೆ ಔಷಧವೆಂದು ನಾನು ಕುಡಿಯುತ್ತಿದ್ದೆ. ಡಿಸೆಂಬರ್‌ನಲ್ಲಿ ನನಗೆ ಕೆಮ್ಮು ತಪ್ಪುತ್ತಲೇ ಇರಲಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಮೌಶಿ ತೀರಿಕೊಂಡರು. ದಸರೆಯ ನಂತರ ಖಾನಾಪುರದಿಂದ ಅವರ ತಮ್ಮ ಕತ್ತರಿ ಹಿಡಿದು ಬಂದರು. "ಅವರ ನೆನಪೈತ್ರಿ, ಮುಟ್ಟಬ್ಯಾಡ್ರಿ" ಎಂದು ನಾನೇ ದೊಡ್ಡ ಮನುಷ್ಯನಂತೆ ವಾಪಸು ಕಳಿಸಿದೆ. ಬಳ್ಳಿ ನಮ್ಮ ಮಾಳಿಗೆಯವರೆಗೂ ಹಬ್ಬಿತು. ಬೇಸಿಗೆಯಲ್ಲಿ ಒಂದು ಗೊಂಚಲೂ ಬಿಡಲಿಲ್ಲ.

"ಈ ಕ್ರಿಸ್‌ಮಸ್‌ಕ ನಿಮಗ ಕೆಮ್ಮು ಬರೂದಿಲ್ಲ ಬಿಡ್ರಿ" ಎಂದಳು ಹೆಂಡತಿ.

ಈ ದಸರೆ ಮುಗಿದ ಮರುದಿನ ನಾನೇ ಏಣಿ ಹತ್ತಿದೆ. ಕೆಳಗೆ ಹೆಂಡತಿ ಹಿಡಿದಿದ್ದಳು. ಕೊಂಬೆಗಳು ಬೀಳುತ್ತಿದ್ದಂತೆ, "ಸಾಕ್ರಿ, ಪಾಪ" ಎಂದಳು.

"ಮಾಯಾ ಮಾಡಿದ್ರ..." ಎಂದು ಶುರುಮಾಡಿದೆ. ಮಾತು ಮುಗಿಯುವ ಮೊದಲೇ, ಈ ಸಲ ಖರೇನೇ ಕೆಮ್ಮು ಬಂತು.