ಸಕ್ಕರೆ ಎಷ್ಟೆಂದು ಕೇಳಿದವರು

ಅಂಗವಿಕಲರ ಸೇವೆ ಮಾಡಿದವರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಅಂಗವಿಕಲರ ಮಾತು ಕೇಳಿದವರು ವಿರಳ. ಆ ವಿರಳರಲ್ಲಿ ಮೊದಲು ನೆನೆಯಬೇಕಾದ ಹೆಸರು ಮಾನ್ಯ ಅಕ್ಕನಾಗಮ್ಮನವರದು. ಬುಕ್ಕಸಾಗರದಲ್ಲಿ ಹುಟ್ಟಿ, ಮೂರನೆಯ ವರ್ಷಕ್ಕೇ ಪೋಲಿಯೊದಿಂದ ಎರಡೂ ಕಾಲುಗಳ ಬಲ ಕಳೆದುಕೊಂಡು, ಹೊಸಪೇಟೆಯಲ್ಲಿ ಅಂಗವಿಕಲರೇ ಕಟ್ಟಿ ನಡೆಸುತ್ತಿರುವ 'ಸ್ವಂತ ಬದುಕು' ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತೆಂಟು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವ ನನಗೆ ಬರೆಯಲು ಹೊತ್ತು ಹಿಡಿಯುತ್ತದೆ, ಮಾತಾಡಲು ಇನ್ನೂ ಹೆಚ್ಚು. ಸಂಪಾದಕರು ತಾಳಿಕೊಂಡಿದ್ದಾರೆ.

ಹಂಪಿ, ಕಂಪ್ಲಿ, ಸಂಡೂರಿನ ಊರೂರನ್ನು ಮೂರು ಚಕ್ರದ ಸ್ಕೂಟರಿನಲ್ಲಿ ಸುತ್ತುತ್ತಿದ್ದ ಅವರು ೨೦೧೨ರಲ್ಲಿ ಬಂಡ್ರಿಯ ನಮ್ಮ ಮನೆಗೂ ಬಂದರು. ನನಗಾಗ ಹತ್ತೊಂಬತ್ತು. ಅವ್ವ ತಾಯಕ್ಕ ಒಲೆಯ ಮೇಲೆ ಚಹಾ ಇಟ್ಟು ಸಕ್ಕರೆ ಡಬ್ಬಿ ತೆರೆದಿದ್ದಳು. ಅಕ್ಕನಾಗಮ್ಮನವರು ನನ್ನತ್ತ ತಿರುಗಿ, "ನಿನ್ನ ಚಾಕ್ಕ ಸಕ್ರಿ ಎಷ್ಟವ್ವಾ?" ಎಂದರು.

"ಅಕಿನ್ನೇನ್ ಕೇಳ್ತೀರ್ರಿ, ಅಕಿಗೆ ಮಾತು ಜಲ್ದಿ ಬರಂಗಿಲ್ಲ. ಎರಡು ಚಮಚ," ಎಂದಳು ಅವ್ವ.

"ಕುಂದ್ರಿ ತಾಯಕ್ಕಾ. ನನಗೇನ್ ಜಲ್ದಿ ಇಲ್ಲ."

ನಾನು ಬಾಯಿ ತೆರೆದು ಉತ್ತರ ಹೊರಡಿಸುವ ಹೊತ್ತಿಗೆ ಚಹಾ ಕುದ್ದು ಕುದ್ದು ಅರ್ಧವಾಗಿತ್ತು. ಉತ್ತರವಾದರೂ ಏನು? "ಬ್ಯಾಡ." ಹುಟ್ಟಿದಾಗಿನಿಂದ ಸಿಹಿ ನನಗೆ ಸೇರದು, ಯಾರೂ ಕೇಳಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಮ್ಮ ಸಂಘದ ಪದ್ಧತಿಯೇ ಅದು: ಯಾರ ಬದುಕೋ ಅವರನ್ನೇ ಕೇಳಬೇಕು, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಎರಡು ವರ್ಷಗಳ ನಂತರ ನಾನು ಹೊಸಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇರುತ್ತೇನೆಂದಾಗ ಮನೆಯವರೆಲ್ಲ ಬೆಚ್ಚಿಬಿದ್ದರು. ಅಕ್ಕನಾಗಮ್ಮನವರು ನನ್ನ ಪರವಾಗಿ ವಾದಿಸಲಿಲ್ಲ. "ಬಿದ್ರ ಏನ್ ಮಾಡ್ತೀ? ನೀನ ಹೇಳು," ಎಂದು ನನ್ನನ್ನೇ ಕೇಳಿದರು. ಬೆಳಗ್ಗೆ ಸಂಜೆ ಬರುವ ಸಹಾಯಕಿಯಾಗಿ ಕೊಟ್ರಮ್ಮನನ್ನು ಆರಿಸಿಕೊಂಡವಳೂ, ಮೊದಲ ವಾರವೇ ಅನ್ನ ಹೊತ್ತಿಸಿ ಇಡೀ ಓಣಿಗೆ ವಾಸನೆ ಹಂಚಿದವಳೂ ನಾನೇ. ನೋಡಲು ಬಂದ ಅವರು ಮೂಗು ಮುಚ್ಚಿಕೊಂಡೇ, "ತಪ್ಪು ಮಾಡೋದೂ ನಿನ್ನ ಹಕ್ಕವ್ವಾ, ಆದ್ರ ಕಿಟಕಿ ತೆಗಿ," ಎಂದರು.

ಇನ್ನು ಸಂಘದವರಾದ ನಮ್ಮ ತಪ್ಪನ್ನೂ ಹೇಳಬೇಕು. ಇಷ್ಟು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಅವರ ಭುಜಗಳು ಕಳೆದ ವರ್ಷ ಸೋತವು. ಎರಡು ಸಲ ಬಚ್ಚಲಲ್ಲಿ ಬಿದ್ದರು. ನಮಗೆ ಕೈಕಾಲು ಆಡದಾಯಿತು. ಕಂಪ್ಲಿಯಲ್ಲಿರುವ ಅವರ ತಮ್ಮ ಗಾದಿಲಿಂಗಪ್ಪನವರೊಡನೆ ಮಾತಾಡಿ, ಅವರ ಮನೆಬಾಗಿಲಿಗೆ ಇಳಿಜಾರು ಕಟ್ಟಿಸಿ, ಹೊಸಪೇಟೆಯಲ್ಲಿ ಅಕ್ಕ ಒಬ್ಬರೇ ಇದ್ದ ಕೋಣೆ ಬಿಡುವ ದಿನವನ್ನೂ ಗೊತ್ತುಮಾಡಿ, ಅವರು ಇನ್ನು ತಮ್ಮನ ಮನೆಯಲ್ಲಿರಬೇಕೆಂದು ಸರ್ವಾನುಮತದ ಠರಾವು ಮಾಡಿದೆವು. ಬರೆದವಳು ನಾನು. ಅವರ ಕೋಣೆಗೆ ಹೋಗಿ ಅದನ್ನು ಓದಿದವಳೂ ನಾನೇ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಜೊತೆಗೆ ಬಂದಿದ್ದ ಕೊಟ್ರಮ್ಮನಿಗೆ ಚಹಾ ಇಡಲು ಹೇಳಿ, "ನನಗ ಸಕ್ರಿ ಎಷ್ಟಂತನೂ ನೀನ ಹೇಳಿಬಿಡು ಶಿಲ್ಪಶ್ರೀ. ಉಳದದ್ದೆಲ್ಲಾ ಹೇಳೀರಲ್ಲ," ಎಂದರು.

ನಾಚಿಕೆಯಿಂದ ಅಲ್ಲೇ ಕುಗ್ಗಿಹೋದೆ. ಠರಾವು ಮಡಚಿಟ್ಟು ಕೇಳಿದೆ: "ಅಕ್ಕಾ, ನಿಮಗೇನ್ ಬೇಕ್ರಿ?"

ಮಾತಿಗೆಂದೂ ತಡವರಿಸದ ಅವರು ಅಂದು ನನಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ನಾನು ಕಾದೆ.

"ಇಲ್ಲೇ ಇರ್ತೀನಿ. ಬೀಳೋದಕ್ಕ ನನಗೂ ಅಂಜಿಕಿ ಐತಿ. ಒಬ್ಬಾಕಿ ಸಹಾಯಕ್ಕ ಬೇಕು. ಆರಿಸೋಕಿ ಮಾತ್ರ ನಾನ."

ಇಪ್ಪತ್ತೆಂಟು ವರ್ಷಗಳಲ್ಲಿ ಅವರು ತಮಗಾಗಿ ಕೇಳಿದ್ದು ಅದೊಂದೇ. ಕೋಣೆ ಉಳಿಯಿತು. ಈಗ ಬೆಳಗ್ಗೆ ಅವರೇ ಆರಿಸಿಕೊಂಡ ಜಂಬವ್ವ ಸಹಾಯಕ್ಕೆ ಬರುತ್ತಾಳೆ. ಇಬ್ಬರ ಜಗಳ ಓಣಿಗೆಲ್ಲ ಕೇಳಿಸುತ್ತದೆ.

ಇಂಥ ಲೇಖನದ ಕೊನೆಗೆ ನೂರು ವರ್ಷ ಬಾಳಲೆಂದು ಹಾರೈಸುವುದು ವಾಡಿಕೆ. ಬುದ್ಧಿ ಬಂದಿರುವುದರಿಂದ ಈ ಸಲ ಹೋಗಿ ಕೇಳಿದೆ. "ನೂರು ಭಾಳಾತವ್ವಾ," ಎಂದರು, ನಗುತ್ತ. "ತೊಂಬತ್ತಾದ ಮ್ಯಾಲ ಇನ್ನೊಂದ್ಸಲ ಬಂದು ಕೇಳು."

ಬರುತ್ತೇವೆ, ಅಕ್ಕಾ. ಉತ್ತರ ಬರುವತನಕ ಕುಳಿತಿರುತ್ತೇವೆ.